ನಡುಹೊಳೆಯಲ್ಲಿ ನಿಂತವಳು

ಹಗ್ಗದ ದೋಣಿ ಹೊಳೆಯ ನಡುವಿಗೆ ಬಂದಾಗ ಬುನ್‌ಹಿ ಹಗ್ಗ ಎಳೆಯುವುದನ್ನು ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದ್ರಿ?" ಎದುರಿಗೆ ಕೂತಿದ್ದ ಮಾನ್‌ಸು ಕೇಳಿದ.

"ಆ ದಡದಲ್ಲಿ ನಮ್ಮಪ್ಪ ಇದಾರೆ. ಈ ದಡದಲ್ಲಿ ನಿಮ್ಮಜ್ಜಿ ಇದಾರೆ. ಮಾತಾಡೋಕೆ ಅಂತ ಉಳಿದಿರೋ ಜಾಗ ಇದೊಂದೇ."

"ಮಾತಾಡ್ಬೇಕು ಅಂತ ನಾನೇನು ಹೇಳಿದ್ನಾ?"

"ಹೇಳೋಕೇನೂ ಇಲ್ದೇನೇ ದಿನ ಬಿಟ್ಟು ದಿನ ನಮ್ಮೂರಿಗೆ ಉಪ್ಪು ಕೇಳ್ಕೊಂಡು ಬರ್ತೀರಾ? ನಿಮ್ಮನೇಲಿ ಅನ್ನದ ಬದಲು ಉಪ್ಪೇ ಉಣ್ತೀರೇನು?"

ಮಾನ್‌ಸುವಿನ ಕಿವಿ ಕೆಂಪಾಯಿತು. ಅವನ ಬಾಯಿ ಎಷ್ಟು ಸುಳ್ಳು ಹೇಳಿದರೂ ಕಿವಿ ನಿಜ ಹೇಳಿಬಿಡುತ್ತಿತ್ತು. ಬುನ್‌ಹಿಗೆ ಅವನಲ್ಲಿ ಮೊದಲು ಇಷ್ಟವಾದದ್ದೂ ಆ ಕಿವಿಗಳೇ.

"ಅಜ್ಜಿ ಚಳಿಗಾಲಕ್ಕೆ ಎಲೆಕೋಸು ಉಪ್ಪಲ್ಲಿ ನೆನೆಸಿ ಕಿಮ್ಚಿ ಹಾಕ್ತಿದಾರೆ. ಉಪ್ಪು ಸಾಲೋದಿಲ್ಲ," ಎಂದ ಅವನು, ನೀರನ್ನು ನೋಡುತ್ತ.

"ಹಾಗಾದ್ರೆ ಉಪ್ಪಿಗೋಸ್ಕರಾನೇ ಬಂದ್ರಿ. ಸರಿ ಬಿಡಿ." ಬುನ್‌ಹಿ ಮತ್ತೆ ಹಗ್ಗಕ್ಕೆ ಕೈ ಹಾಕಿದಳು.

"ನಿಲ್ಲಿ, ನಿಲ್ಲಿ!" ಮಾನ್‌ಸು ಎದ್ದು ಹಗ್ಗ ಹಿಡಿದುಕೊಂಡ. ದೋಣಿ ಓಲಾಡಿತು. ತಣ್ಣನೆಯ ಒದ್ದೆ ಹಗ್ಗದ ಮೇಲೆ ಅವನ ಕೈಗೂ ಅವಳ ಕೈಗೂ ಒಂದು ಬೆರಳಿನ ಅಂತರ. ಅವನು ಆ ಅಂತರವನ್ನೇ ನೋಡುತ್ತ ಹೇಳಿದ, "ಸೇತುವೆ ನೇರವಾಗಿ ಕೂಡಿದ ದಿನ ನಿಮ್ಮಪ್ಪನ ಹತ್ರ ಬಂದು ಕೇಳ್ತೀನಿ."

"ಏನು ಕೇಳ್ತೀರಿ? ಉಪ್ಪಾ?"

"ಬುನ್‌ಹಿಯವರೇ, ಸ್ವಲ್ಪ ಸುಮ್ನಿರ್ತೀರಾ?"

ಅವಳು ಸುಮ್ಮನಾದಳು. ಆದರೆ ಹಗ್ಗದ ಮೇಲಿನ ಅವಳ ಕೈ ಆ ಒಂದು ಬೆರಳಿನಷ್ಟು ದೂರ ತಾನಾಗಿಯೇ ಸರಿಯಿತು. ದಡದಿಂದ ಯಾರೋ ಕೆಮ್ಮುವವರೆಗೂ ಇಬ್ಬರೂ ದೋಣಿಯನ್ನು ಮರೆತೇಬಿಟ್ಟಿದ್ದರು.

ದೊಂಗ್‌ಗಾಂಗ್ ಹೊಳೆಯ ಆ ತಿರುವಿನಲ್ಲಿ ಬೆಟ್ಟಗಳು ತೀರಾ ಒತ್ತಾಗಿ ನಿಂತಿವೆ. ಈ ಬೆಟ್ಟದಿಂದ ಆ ಬೆಟ್ಟಕ್ಕೆ ಗಳು ಹಾಕಿ ಬಟ್ಟೆ ಒಣಗಿಸಬಹುದು ಎಂದು ಅಲ್ಲಿಯವರೇ ತಮಾಷೆ ಮಾಡುತ್ತಾರೆ. ಬೆಳಗಿನ ಬಿಸಿಲು ಬೀಳುವ ದಡದ ಊರಿಗೆ ಬಿಸಿಲೂರು ಎಂದೂ, ಮಧ್ಯಾಹ್ನದವರೆಗೆ ಬೆಟ್ಟದ ನೆರಳಲ್ಲೇ ನಡುಗುವ ಊರಿಗೆ ನೆರಳೂರು ಎಂದೂ ಹೆಸರು. ಬಸ್ ಬರುವುದು ಬಿಸಿಲೂರಿಗೆ. ಹಿಟ್ಟಿನ ಗಿರಣಿ ಇರುವುದು ನೆರಳೂರಿನಲ್ಲಿ. ಹಾಗಾಗಿ ಒಬ್ಬರನ್ನು ಬಿಟ್ಟು ಒಬ್ಬರು ಬದುಕುವಂತಿಲ್ಲ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವಂತೆಯೂ ಇಲ್ಲ.

ಬೇಸಿಗೆಯ ಮಳೆಗೆ ಹೊಳೆ ಉಕ್ಕಿ ಹಳೆಯ ಸೇತುವೆಯನ್ನು ಹೊತ್ತುಕೊಂಡು ಹೋಗುತ್ತದೆ. ಎಲೆಯುದುರುವ ಕಾಲ ಮುಗಿದು ನೀರು ಇಳಿದ ಮೇಲೆ, ಮಂಜುಗಟ್ಟುವ ಮುಂಚೆ, ಎರಡೂ ಊರಿನವರು ಸೊಪ್ಪಿನ ಸೇತುವೆ ಕಟ್ಟುತ್ತಾರೆ. ಕವೆಯೊಡೆದ ಮರಗಳನ್ನು ತಲೆಕೆಳಗಾಗಿಸಿ ನೀರಿನಲ್ಲಿ ಕಾಲು ನೆಡಬೇಕು, ಮೇಲೆ ತೊಲೆ ಹಾಸಬೇಕು, ತೊಲೆಯ ಮೇಲೆ ಪೈನ್ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಒಂದೇ ಒಂದು ಮೊಳೆ ಹೊಡೆಯುವಂತಿಲ್ಲ. ಈ ದಡದಿಂದ ಇವರು, ಆ ದಡದಿಂದ ಅವರು ಕಟ್ಟುತ್ತ ಬಂದು ನಡುಹೊಳೆಯಲ್ಲಿ ಕೂಡಬೇಕು. ಕೂಡುವವರೆಗೆ ಹೆಂಗಸರು ಹೊಳೆಗೆ ಕಾಲಿಡಬಾರದು. ನೆಟ್ಟ ಕಾಲನ್ನು ಕೀಳಬಾರದು. ಕಿತ್ತ ಊರು ಸೋತ ಊರು.

ಹಿಂದೆಲ್ಲ ಒಬ್ಬರ ದಡದ ಮುದಿ ವಿಲೋ ಮರವನ್ನು ನೋಡಿ ಇನ್ನೊಬ್ಬರು ಗುರಿ ಹಿಡಿಯುತ್ತಿದ್ದರು. ಹೋದ ವರ್ಷ ದೊಡ್ಡ ನೆರೆಗೆ ಎರಡೂ ಮರ ಹೋದವು. ದಡದಲ್ಲಿ ಉಳಿದದ್ದು ಆಳೆತ್ತರದ ಜೊಂಡು. ಜೊಂಡಿನ ಹಿಂದೆ ಸೇತುವೆಯ ಬುಡದಲ್ಲಿ ಬೆಂಕಿ ಹಾಕಿ, ಮೇಲೆದ್ದ ಹೊಗೆಯನ್ನು ನೋಡಿ ಕಟ್ಟಿದರೆ ಆಯಿತು ಎಂದುಕೊಂಡರು. ಆಗಲಿಲ್ಲ. ಎರಡು ಅರ್ಧಗಳು ಒಂದರ ಪಕ್ಕ ಒಂದು ಹಾದು, ಮದುವೆಮನೆಯಲ್ಲಿ ಮುಖ ತಿರುಗಿಸಿಕೊಂಡ ಬೀಗರ ಹಾಗೆ ನಿಂತವು. ಜಗಳವಾಡಿ, ಕೊನೆಗೆ ಅಡ್ಡ ಹಲಗೆ ಹಾಕಿ ಮೊಣಕೈ ಥರ ಜೋಡಿಸಿದರು. ಆ ಮೊಣಕೈಯಲ್ಲೇ ನೆರಳೂರಿನ ಮುಖ್ಯಸ್ಥ ಚೊ ಪಾನ್‌ಸೊಕ್‌ರ ಎತ್ತು, ಎಲೆಕೋಸಿನ ಹೊರೆಯ ಸಮೇತ, ಹಗ್ಗ ಹಿಡಿದ ಯಜಮಾನರ ಸಮೇತ, ಹೊಳೆಗೆ ಬಿತ್ತು. ಬಿಸಿಲೂರಿನವರು ದಡದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎತ್ತು ಈಜಿ ಬಂತು. ಯಜಮಾನರ ಸಿಟ್ಟು ಮಾತ್ರ ಇನ್ನೂ ದಡ ಸೇರಿರಲಿಲ್ಲ. "ಈ ವರ್ಷಾನೂ ಸೊಟ್ಟ ಆದ್ರೆ ಸೇತುವೇನೂ ಬೇಡ, ಆ ದಡದ ಸಂಬಂಧಾನೂ ಬೇಡ. ನಮ್ಮನೆ ಹೆಣ್ಣು ಆ ಕಡೆ ಕಾಲಿಡೋದಿಲ್ಲ," ಎಂದು ಅವರು ಎರಡೂರಿನ ಹಿರಿಯರ ಎದುರೇ ಆಣೆ ಮಾಡಿದ್ದರು. ಅವರ ಮನೆಯಲ್ಲಿದ್ದ ಹೆಣ್ಣು ಒಬ್ಬಳೇ, ಬುನ್‌ಹಿ. ಕಲ್ಲಿದ್ದಲು ಗಣಿಯ ಊರಿಂದ ಒಂದು ಸಂಬಂಧವೂ ಬಂದಿತ್ತು. ಸೇತುವೆ ಕೆಲಸ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು ಅಪ್ಪ ಅವರನ್ನು ಕಾಯಿಸಿದ್ದರು. ಅತ್ತ, ಅಜ್ಜ ತೀರಿಕೊಂಡ ಮೇಲೆ ಸೇತುವೆಯ ಕಾಲು ಹೊಡೆಯುವ ಬಿಸಿಲೂರಿನ ಮರದ ಕೊಡತಿ, ಅದರ ಜೊತೆಗೆ ಕೆಲಸದ ಮುಂದಾಳತ್ವ, ಈ ವರ್ಷ ಮಾನ್‌ಸುವಿನ ಕೈಗೆ ಬಂದಿತ್ತು.

ಕೆಲಸ ಶುರುವಾಯಿತು. ಸೊಪ್ಪು ತರುವುದು ಹೆಂಗಸರ ಪಾಲು. ಬುನ್‌ಹಿಯೂ ಅವಳ ಗೆಳತಿ ಜೊಮ್‌ಸುನ್‌ಳೂ ಹೊಳೆಯ ಪಕ್ಕದ ಕಡಿದಾದ ಬಂಡೆಬೆಟ್ಟ ಹತ್ತಿ ಪೈನ್ ಕೊಂಬೆ ಕಡಿಯುತ್ತಿದ್ದರು. ಅಲ್ಲಿಂದ ನೋಡಿದರೆ ಹೊಳೆ, ಎರಡು ಊರು, ಎರಡು ಬೆಂಕಿ ಎಲ್ಲವೂ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಕಾಣುತ್ತಿತ್ತು.

"ಕೊಂಬೆ ಕಡಿ ಅಂದ್ರೆ ಕೊಂಬೆ ಕಡಿತೀಯೋ, ಕಣ್ಣಲ್ಲೇ ಅವನ ಬೆವರು ಒರೆಸ್ತಾ ಕೂರ್ತೀಯೋ?" ಜೊಮ್‌ಸುನ್ ಕುಡುಗೋಲಿನ ಹಿಡಿಯಿಂದ ಅವಳನ್ನು ತಿವಿದಳು.

"ಸುಮ್ನಿರೇ. ಹೊಗೆ ನೋಡು."

"ಹೊಗೇನಾ? ನಿನ್ನ ಹೊಟ್ಟೇಲಿ ಏಳ್ತಿರೋ ಹೊಗೇನೇ ನನಗೆ ಕಾಣ್ತಿದೆ."

"ತಮಾಷೆ ಅಲ್ಲ ಕಣೇ. ಬೆಳಿಗ್ಗೆ ಹೊಗೆ ಕೆಳಗಡೆ ಬಾಗಿತ್ತು, ನೀರು ಹರಿಯೋ ಕಡೆ. ಈಗ ನೋಡು, ಮೇಲ್ಗಡೆ ಬಾಗಿದೆ."

ಜೊಮ್‌ಸುನ್ ನೋಡಿದಳು. ಬೆಟ್ಟದ ಗಾಳಿಯ ಅಭ್ಯಾಸವೇ ಅದು. ಬೆಳಿಗ್ಗೆ ಹೊಳೆಯ ಜೊತೆ ಇಳಿಯುತ್ತದೆ, ಮಧ್ಯಾಹ್ನದ ಮೇಲೆ ಹೊಳೆಗೆ ಎದುರಾಗಿ ಏರುತ್ತದೆ. ಬಿಸಿಲೂರಿನ ಗಂಡಸರು ತಮ್ಮ ದಡ ಬೆಚ್ಚಗಿರುವ ಬೆಳಗಿನಲ್ಲಿ ಕೆಲಸ ಮಾಡಿದರು, ಕೆಳಗೆ ಬಾಗಿದ ಹೊಗೆಯತ್ತ ಕಾಲು ನೆಟ್ಟರು. ನೆರಳೂರಿನ ಗಂಡಸರು ತಮ್ಮ ಕಡೆ ಬಿಸಿಲು ಬರಲಿ ಎಂದು ಕಾದು ಮಧ್ಯಾಹ್ನ ಇಳಿದರು, ಮೇಲಕ್ಕೆ ಬಾಗಿದ ಹೊಗೆಯತ್ತ ನೆಟ್ಟರು. ಇಬ್ಬರೂ ಪ್ರಾಮಾಣಿಕವಾಗಿ ನೆಟ್ಟಗೆ ಕಟ್ಟುತ್ತಿದ್ದರು, ಇಬ್ಬರೂ ತಪ್ಪುತ್ತಿದ್ದರು. ಹೋದ ವರ್ಷ ಆದದ್ದೂ ಇದೇ.

ಬುನ್‌ಹಿ ಕುಡುಗೋಲು ಕೆಳಗಿಟ್ಟಳು. ಹೀಗೇ ಬಿಟ್ಟರೆ ಇನ್ನೆರಡು ದಿನಕ್ಕೆ ಸೇತುವೆಯೂ ಸೊಟ್ಟ, ಅವಳ ಬಾಳೂ ಸೊಟ್ಟ.

ರಾಗಿಬಣ್ಣದ ಬಕ್‌ವೀಟ್ ಹಿಟ್ಟಿನ ದೋಸೆಯನ್ನು ಅಪ್ಪನ ತಟ್ಟೆಗೆ ಹಾಕುತ್ತ ಆ ಸಂಜೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಪಾನ್‌ಸೊಕ್ ಅಗಿಯುವುದನ್ನು ನಿಲ್ಲಿಸಿದರು.

"ಇದನ್ನ ಯಾರು ಹೇಳ್ಕೊಟ್ರು? ಆ ಉಪ್ಪಿನ ಹುಡುಗನಾ?"

"ಅಪ್ಪಾ, ನನ್ನ ಕಣ್ಣಾರೆ ನೋಡಿದೆ."

"ನೋಡಿರ್ತೀಯ. ನಿನ್ನ ಕಣ್ಣು ಯಾವ ದಡದಲ್ಲಿದೆ ಅಂತ ನನಗೆ ಗೊತ್ತಿಲ್ವಾ? ನಾನು ಕಾಲು ಕೀಳ್ಬೇಕು, ಅವರು ಮತ್ತೆ ಹಲ್ಲು ಕಿಸೀಬೇಕು. ಆಗೋದಿಲ್ಲ."

"ಹಾಗಾದ್ರೆ ಸೊಟ್ಟ ಆದ್ರೂ ಪರವಾಗಿಲ್ವಾ?"

"ನಾನು ಕಟ್ಟಿದ್ದು ಸೊಟ್ಟ ಆಗೋದಿಲ್ಲ!" ಅವರು ಎದ್ದುಹೋದರು. ದೋಸೆ ತಟ್ಟೆಯಲ್ಲೇ ಉಳಿಯಿತು. ಅಪ್ಪ ದೋಸೆ ಬಿಟ್ಟು ಏಳುವುದೆಂದರೆ ಸಣ್ಣ ಸಂಗತಿಯಲ್ಲ. ಅವರಿಗೂ ಒಳಗೊಳಗೇ ಅನುಮಾನ ಹುಟ್ಟಿದೆ ಎಂದು ಬುನ್‌ಹಿಗೆ ಗೊತ್ತಾಯಿತು. ಅನುಮಾನ ಬಂದ ಗಂಡಸಿಗೆ ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ, ಬೇರೆ ದಾರಿ ಇಲ್ಲದ ಹಾಗೆ ಮಾಡಬೇಕು. ಇದು ಅವಳ ಅಮ್ಮ ಬದುಕಿದ್ದಾಗ ಹೇಳಿಕೊಟ್ಟ ಮಾತು.

ಮರುದಿನ ನೆರಳೂರಿನವರು ಕೆಲಸಕ್ಕೆ ಇಳಿಯುವ ಹೊತ್ತಿಗೆ, ಬಿಸಿಲೂರಿನವರು ಇನ್ನೂ ಕೊಡತಿ ಕೆಳಗಿಡುವ ಮುಂಚೆ, ಹಗ್ಗದ ದೋಣಿ ನಡುಹೊಳೆಗೆ ಬಂದು ನಿಂತಿತು. ಅದರಿಂದ ಅಪ್ಪನ ರಬ್ಬರ್ ಬೂಟು ಹಾಕಿದ, ದಪ್ಪ ಕೋಟಿನ ಮೇಲೆ ಶಾಲು ಬಿಗಿದ ಬುನ್‌ಹಿ ಇಳಿದಳು. ಅಲ್ಲಿ ಸಣ್ಣ ಕಲ್ಲುಗಳ ದಿಬ್ಬವೊಂದಿತ್ತು, ಅದರ ಮೇಲೆ ಪಾದ ಮುಳುಗುವಷ್ಟು ನೀರು. ಅವಳ ಕೈಯಲ್ಲಿ ಬಟ್ಟೆ ಒಣಹಾಕುವ ಗಳು, ಗಳುವಿನ ತುದಿಯಲ್ಲಿ ಬಿಳಿ ಹಾಸಿಗೆ ಹೊದಿಕೆ.

ಮೇಲೆ ಬಂಡೆಯ ಮೇಲೆ ಜೊಮ್‌ಸುನ್ ಒಂದು ನೀಳ ಕಡ್ಡಿಯನ್ನು ಕಣ್ಣೆದುರು ಅಡ್ಡ ಹಿಡಿದು, ಅದರ ಒಂದು ತುದಿಯನ್ನು ಈ ಬೆಂಕಿಗೂ ಇನ್ನೊಂದನ್ನು ಆ ಬೆಂಕಿಗೂ ತಾಗಿಸಿ ನೋಡುತ್ತಿದ್ದಳು. "ಎಡಕ್ಕೆ! ಇನ್ನೂ ಎಡಕ್ಕೆ! ಸಾಕು ಕಣೇ, ಅಲ್ಲೇ!"

ಬುನ್‌ಹಿ ಗಳು ಊರಿದಳು. ಬಿಳಿ ಹೊದಿಕೆ ಬಿಚ್ಚಿಕೊಂಡಿತು. ನೆರಳೂರಿನ ಸೇತುವೆಯ ಮೂತಿ ಅವಳಿಂದ ದೂರ ಮೇಲ್ಗಡೆಗೂ, ಬಿಸಿಲೂರಿನದ್ದು ದೂರ ಕೆಳಗಡೆಗೂ ತಿರುಗಿಕೊಂಡಿದ್ದವು. ಈಗ ಅದನ್ನು ಕಾಣಲು ಬೆಟ್ಟ ಹತ್ತಬೇಕಾಗಿರಲಿಲ್ಲ.

"ಹೆಣ್ಣು ಹೊಳೆಗೆ ಕಾಲಿಟ್ಳು!" ಯಾರೋ ಅರಚಿದರು.

"ಬುನ್‌ಹಿ! ಬಾರೇ ಮೇಲೆ!" ಅಪ್ಪನ ದನಿ ಬೆಟ್ಟಕ್ಕೆ ಬಡಿದು ವಾಪಸು ಬಂತು.

"ಬರ್ತೀನಪ್ಪಾ! ಸೇತುವೆ ಮೇಲೆ ನಡ್ಕೊಂಡೇ ಬರ್ತೀನಿ. ನೀವು ಎಷ್ಟು ಬೇಗ ಇಲ್ಲಿಗೆ ಕಟ್ತೀರೋ ಅಷ್ಟು ಬೇಗ!"

"ನಿನಗೇನು ತಲೆ ಕೆಟ್ಟಿದ್ಯಾ?"

"ತಲೆ ನೆಟ್ಟಗಿದೆ. ನೆಟ್ಟಗಿಲ್ದೇ ಇರೋದು ಸೇತುವೆ! ಎರಡು ಬೆಂಕಿಗೂ ನಡುವೆ ಸರಿಯಾಗಿ ನಿಂತಿದೀನಿ. ಹೊಗೆ ನೋಡ್ಬೇಡಿ, ಇಬ್ರೂ ನನ್ನನ್ನ ನೋಡಿ ಕಟ್ಟಿ!"

ಬಿಸಿಲೂರಿನ ಕಡೆಯಿಂದ ಮಾನ್‌ಸು ಮೊಣಕಾಲುದ್ದ ನೀರಿನಲ್ಲಿ ಓಡಿ ಬರತೊಡಗಿದ. "ಬುನ್‌ಹಿಯವರೇ! ನೀರು ಕೊರೀತಾ ಇದೆ, ಕಾಲು ಸೆಟ್ಕೊಂಡು ಹೋಗುತ್ತೆ! ನಾನು ಎತ್ಕೊಂಡು..."

"ಅಲ್ಲೇ ನಿಲ್ಲಿ!" ಅವಳು ಗಳು ಅಲ್ಲಾಡಿಸಿದಳು. "ಬರಿಗೈಲಿ ಬಂದ್ರೆ ನಾನು ಬರೋದಿಲ್ಲ. ಸೇತುವೆ ತಗೊಂಡು ಬನ್ನಿ!"

ಎರಡೂ ದಡದಲ್ಲಿ ನಗು ಎದ್ದಿತು. ನಗುವಿಗಿಂತ ಗಟ್ಟಿಯಾಗಿ ಅವಳು ಕೂಗಿದಳು. ಕೂಗುವಾಗ ಹಲ್ಲು ಚಳಿಗೆ ಕಟಕಟಿಸುತ್ತಿತ್ತು, ಆದರೆ ಅವಳಿಗೆ ಹೆದರಿಕೆ ಇರಲಿಲ್ಲ. ಇಷ್ಟು ದಿನ ದೋಣಿಯಲ್ಲಿ ಪಿಸುಗುಟ್ಟಿದ್ದನ್ನು ಹೊಳೆಯೆಲ್ಲ ಕೇಳುವಂತೆ ಹೇಳುವುದರಲ್ಲಿ ಇಷ್ಟೊಂದು ಸುಖವಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಅಪ್ಪಾ, ನನಗೆ ಗಣಿ ಊರು ಬೇಡ. ನನಗೆ ಇವರೇ ಬೇಕು! ಉಪ್ಪು ಕೇಳೋಕೆ ಬಂದು ಬಂದು ನಮ್ಮನೆ ಜಾಡಿನೇ ಖಾಲಿ ಮಾಡಿದ್ರಲ್ಲ, ಅವರೇ!"

ನಗು ನಿಂತುಹೋಯಿತು. ಮಾನ್‌ಸುವಿನ ಕಿವಿ ಅಷ್ಟು ದೂರದಿಂದಲೂ ಕೆಂಪಗೆ ಕಂಡಿತು.

ಅವನು ಬೆನ್ನು ತಿರುಗಿಸಿ ಹಿಂದಕ್ಕೆ ನಡೆದ. ಅವನು ನೇರ ತನ್ನ ಊರಿನ ಕೊನೆಯ ಕಾಲಿನ ಹತ್ತಿರ ಹೋಗಿ, ಎರಡೂ ತೋಳಿನಲ್ಲಿ ಅದನ್ನು ತಬ್ಬಿ, ಅಲ್ಲಾಡಿಸತೊಡಗಿದ.

"ಏಯ್ ಮಾನ್‌ಸು! ನೆಟ್ಟ ಕಾಲು ಕಣೋ ಅದು! ಊರ ಮರ್ಯಾದೆ!" ಬಿಸಿಲೂರಿನವರು ಅವನ ಕೋಟು ಹಿಡಿದೆಳೆದರು.

"ಕಿತ್ತೋರು ಸೋತೋರು, ಅಲ್ವಾ?" ಅವನು ಏದುಸಿರು ಬಿಡುತ್ತ ಎದ್ದು ನಿಂತ. ಆಮೇಲೆ ನೆರಳೂರಿನ ಕಡೆ ತಿರುಗಿ, ಅಲ್ಲಿಯ ನಾಯಿಗಳೂ ಬೊಗಳುವಷ್ಟು ಜೋರಾಗಿ ಕೂಗಿದ, "ಯಜಮಾನರೇ! ನಾನು ಸೋತೆ! ಬಿಸಿಲೂರು ಸೋಲ್ತು! ಹೋದ ವರ್ಷ ನಕ್ಕಿದ್ದಕ್ಕೂ ಸೇರಿಸ್ಕೊಳ್ಳಿ!"

ಕಾಲು ಕಿತ್ತು ಬಂತು. ಅದರ ಹಿಂದಿನದೂ ಬಂತು.

ಈಗ ಎಲ್ಲರ ಕಣ್ಣೂ ಪಾನ್‌ಸೊಕ್‌ರ ಮೇಲೆ. ಅವರು ತಮ್ಮ ಅರ್ಧಸೇತುವೆಯ ತುದಿಯಲ್ಲಿ ಕೈಕಟ್ಟಿ ನಿಂತಿದ್ದರು. ಹೊಗೆಯನ್ನು ನೋಡಿದರು. ಬಿಳಿ ಹೊದಿಕೆಯನ್ನು ನೋಡಿದರು. ಅದರ ಕೆಳಗೆ ತಮ್ಮದೇ ಬೂಟಿನಲ್ಲಿ ನಡುಗುತ್ತ ನಿಂತ ಮಗಳನ್ನು ನೋಡಿದರು.

"ಎತ್ತು ಮುಳುಗಿದಾಗ್ಲೂ ನಾನು ಸೋತೆ ಅಂತ ಹೇಳಿರ್ಲಿಲ್ಲ," ಎಂದರು ಪಕ್ಕದವರಿಗೆ, ಮೆಲ್ಲಗೆ. "ಆ ಹುಡುಗ ಹೇಳ್ಬಿಟ್ಟ." ಮರುಕ್ಷಣವೇ ಗದರಿದರು, "ಏನ್ರೋ ಬಾಯಿ ಬಿಟ್ಕೊಂಡು ನೋಡ್ತೀರಾ? ನಮ್ಮ ಕಾಲೂ ಕೀಳ್ರೋ! ನನ್ನ ಮಗಳು ನೀರಲ್ಲಿ ನಿಂತಿದಾಳೆ!"

ಎರಡೂ ಊರಿನವರು ಒಂದೇ ಹೊತ್ತಿನಲ್ಲಿ ಕೊಡತಿ ಎತ್ತಿದ್ದು ಅದೇ ಮೊದಲು. ಈ ಕಡೆ ಒಂದು ಪೆಟ್ಟು ಬಿದ್ದರೆ ಆ ಕಡೆ ಇನ್ನೊಂದು. ಬೆಟ್ಟಗಳು ಎರಡನ್ನೂ ಸೇರಿಸಿ ಹಿಂದಿರುಗಿಸುತ್ತಿದ್ದವು. ಕವೆಗಾಲುಗಳು ಬುನ್‌ಹಿಯ ಕಡೆಗೆ ಹೆಜ್ಜೆ ಹಾಕುತ್ತ ಬಂದವು.

ನಡುವೆ ಒಮ್ಮೆ, ಬಿಸಿಲೂರಿನವರು ತಮ್ಮ ದಡಕ್ಕೆ ಎಳೆದುಕೊಂಡಿದ್ದ ಹಗ್ಗದ ದೋಣಿ ಬಂತು. ಅದರಲ್ಲಿ ಮಾನ್‌ಸುವಿನ ಅಜ್ಜಿ, ಮಡಿಲಲ್ಲಿ ಬಟ್ಟೆ ಸುತ್ತಿದ ಬಿಸಿ ಆಲೂಗಡ್ಡೆ. ಎರಡೂ ಊರಿಗೆ ಅವರೇ ಹಿರಿಯರು. ದೋಣಿಯಿಂದಲೇ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಚಳಿ ಆಗ್ತಿದ್ಯಾ?"

"ಇ... ಇಲ್ಲ ಅಜ್ಜಿ."

"ಸುಳ್ಳು ಹೇಳೋಕೂ ಬರುತ್ತೆ. ಒಳ್ಳೇದು, ಸಂಸಾರಕ್ಕೆ ಬೇಕಾಗುತ್ತೆ. ತಗೋ, ಎರಡು ಕೋಟಿನ ಜೇಬಲ್ಲಿಟ್ಕೋ, ಎರಡು ತಿನ್ನು. ಮಂಡಿ ಗಟ್ಟಿ ಇದ್ಯಾ? ನಮ್ಮನೆ ಮೆಟ್ಟಿಲು ಕಡಿದು."

"ಬಂಡೆಬೆಟ್ಟ ಹತ್ತಿ ಇಳೀತೀನಿ ಅಜ್ಜಿ."

"ಸರಿ ಹಾಗಾದ್ರೆ. ಒಂದು ಮಾತು. ಬಂದಾಗ ಆ ಉಪ್ಪು ವಾಪಸ್ ತಗೊಂಡು ಹೋಗು. ಮೂರು ವರ್ಷಕ್ಕಾಗೋವಷ್ಟು ಇದೆ ನಮ್ಮನೇಲಿ." ಅಜ್ಜಿ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕು, ದೋಣಿ ತಿರುಗಿಸಿಕೊಂಡು ಹೋದರು. ಬುನ್‌ಹಿ ಬಿಸಿ ಆಲೂಗಡ್ಡೆ ಕಚ್ಚುತ್ತ ನಕ್ಕಳು, ನಗುತ್ತಲೇ ಕಣ್ಣು ಒದ್ದೆಯಾಯಿತು.

ಹೊತ್ತು ಇಳಿಯುವ ಮುಂಚೆ ಎರಡು ಅರ್ಧಗಳ ನಡುವೆ ಒಂದು ತೊಲೆಯಷ್ಟೇ ಜಾಗ ಉಳಿದಿತ್ತು. ಈ ತುದಿಯಲ್ಲಿ ಪಾನ್‌ಸೊಕ್, ಆ ತುದಿಯಲ್ಲಿ ಮಾನ್‌ಸು, ಇಬ್ಬರ ನಡುವೆ ಕೆಳಗೆ ಬುನ್‌ಹಿ. ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನಿನ್ನ ಕಡೆ ಇಳಿಸು," ಎಂದರು ಪಾನ್‌ಸೊಕ್.

"ಇಳಿಸ್ದೆ ಯಜಮಾನರೇ."

ತೊಲೆ ಎರಡೂ ಕವೆಗಳಲ್ಲಿ ಕೂತಿತು. ತಟ್ಟಲಿಲ್ಲ, ಎಳೆಯಲಿಲ್ಲ, ಹಲಗೆ ಕೊಡಲಿಲ್ಲ. ಪಾನ್‌ಸೊಕ್ ಬಗ್ಗಿ ಒಂದು ಕಣ್ಣು ಮುಚ್ಚಿ ತಮ್ಮ ದಡದಿಂದ ಆ ದಡದವರೆಗೂ ನೋಡಿದರು. ಎಳೆದು ಕಟ್ಟಿದ ದಾರದಷ್ಟು ನೇರ. ಅವರು ತಲೆ ಎತ್ತಿದಾಗ ಮುಖದ ಮೇಲಿನ ಒಂದು ವರ್ಷದ ಸಿಟ್ಟು ಎಲ್ಲಿ ಹೋಯಿತೋ ಯಾರಿಗೂ ಕಾಣಲಿಲ್ಲ.

"ಕೂಡ್ತು!" ಎಂದು ಕೂಗಿದರು. ಎರಡೂ ದಡ ಒಟ್ಟಿಗೆ ಕೂಗಿದವು. ಬಂಡೆಯ ಮೇಲೆ ಜೊಮ್‌ಸುನ್ ಕುಣಿಯುತ್ತಿದ್ದಳು.

ಎರಡು ಕೈ ಒಟ್ಟಿಗೆ ಕೆಳಗೆ ಚಾಚಿದವು, ಒಂದು ಅಪ್ಪನದು, ಒಂದು ಮಾನ್‌ಸುವಿನದು. ಬುನ್‌ಹಿ ಎರಡನ್ನೂ ಹಿಡಿದು ಮೇಲೆ ಬಂದಳು. ಕಾಲು ಮರಗಟ್ಟಿ ತೂರಾಡಿದಾಗ ಮಾನ್‌ಸು ಅವಳನ್ನು ತನ್ನ ಕಡೆ ಒರಗಿಸಿಕೊಂಡ.

ಪಾನ್‌ಸೊಕ್ ಅವನ ತೋಳು ತಟ್ಟಿದರು. "ಬಿಡಪ್ಪಾ ಅವಳನ್ನ."

ಅವನ ಮುಖ ಬಿಳುಚಿತು. "ಯಜಮಾನರೇ, ಸೇತುವೆ ನೇರವಾಗಿದೆ. ನಾನು ಕೇಳ್ಬೇಕು ಅಂತಿದ್ದೆ..."

"ಕೇಳೋದೇನು, ಇವಳು ಹೊಳೆಗೆಲ್ಲ ಕೇಳ್ಸಿದಾಳೆ. ಬಿಡು ಅಂದೆ. ನಡುವಿನಿಂದ ಹೋದ್ರೆ ಅದು ಓಡಿಹೋದ ಹಾಗೆ. ನನ್ನ ಮಗಳು ಪೂರ್ತಿ ಸೇತುವೆ ದಾಟ್ಬೇಕು. ಮನೆಯಿಂದ ಹೊರಟು ದಾಟ್ಬೇಕು." ಅವರು ಮಗಳ ಸಡಿಲವಾದ ಶಾಲನ್ನು ಬಿಗಿದರು. "ನಾಳೆ ಬೆಳಿಗ್ಗೆ ಕಳಿಸ್ತೀನಿ. ನಿಮ್ಮಜ್ಜಿ ಕೈಯಿಂದ ಒಂದು ಲೋಟ ಜೋಳದ ಹೆಂಡ ಕುಡಿದು, ಮದುವೆ ದಿನ ಗೊತ್ತು ಮಾಡ್ಕೊಂಡು ಬರ್ಲಿ. ಗಣಿ ಊರಿನವರಿಗೆ ನಾನೇ ಹೇಳ್ತೀನಿ, ನಮ್ಮ ಹುಡುಗಿಗೆ ಅಷ್ಟು ದೂರ ಬೇಡ್ವಂತೆ, ಒಂದು ಸೇತುವೆ ದೂರ ಸಾಕಂತೆ."

ಮರುದಿನ ಬೆಳಗಾಗುವಷ್ಟರಲ್ಲಿ ಹೆಂಗಸರು ಸೊಪ್ಪು ಹಾಸಿ ಮಣ್ಣು ಮುಚ್ಚಿದ್ದರು. ಹೊಸ ಸೇತುವೆಯನ್ನು ಮೊದಲು ದಾಟುವ ಹಕ್ಕು ಹಿರಿಯರದು. ಆದರೆ ಅಜ್ಜಿ ಬಿಸಿಲೂರಿನ ತುದಿಯಲ್ಲಿ ಚಾಪೆ ಹಾಸಿ ಕೂತುಬಿಟ್ಟಿದ್ದರು. "ನನಗೆ ಮಂಡಿ ನೋವು. ನನ್ನ ಬದಲು ಆ ಹುಡುಗಿ ದಾಟ್ಲಿ," ಎಂದು ಹೇಳಿ ಕಳಿಸಿದ್ದರು. ಹಿಂದಿನ ದಿನ ದೋಣಿಗೆ ನೆಗೆದು ಹತ್ತಿದ್ದ ಮಂಡಿ ಅದು.

ಬುನ್‌ಹಿ ಅಮ್ಮನ ಹಳದಿ ಮೇಲಂಗಿ, ಕೆಂಪು ಲಂಗ ತೊಟ್ಟು ಮನೆಯಿಂದ ಹೊರಟಳು. ಸೇತುವೆಯ ಬುಡದವರೆಗೂ ಅಪ್ಪ ಜೊತೆಗೆ ಬಂದರು. ಅಲ್ಲಿ ನಿಂತು, "ಹೋಗು, ತಿರುಗಿ ನೋಡ್ಬೇಡ. ಬೇಕಾದಾಗ ವಾಪಸ್ ಬರೋಕೆ ಇದೇ ದಾರಿ," ಎಂದರು.

ಪೈನ್ ಸೊಪ್ಪು ಕಾಲಡಿಯಲ್ಲಿ ಮೆತ್ತಗೆ ಕುಸಿದು ಮತ್ತೆ ಎದ್ದಿತು. ಎರಡೂ ದಡದಲ್ಲಿ ಬೆಳಗಿನ ಹೊಗೆ ಎಂದಿನಂತೆ ಕೆಳಗಡೆಗೆ ಬಾಗಿತ್ತು. ಈಗ ಅದನ್ನು ನೋಡುವವರು ಯಾರೂ ಇರಲಿಲ್ಲ. ನಡುಹೊಳೆಗೆ ಬಂದಾಗ ಅವಳು ಕೆಳಗೆ ನೋಡಿದಳು. ಬಿಳಿ ಹೊದಿಕೆಯ ಗಳು ಇನ್ನೂ ಅಲ್ಲೇ ನಿಂತಿತ್ತು.

ಆ ತುದಿಯಲ್ಲಿ ಮಾನ್‌ಸು ಇದ್ದ, ಸ್ನಾನ ಮಾಡಿ, ಕೂದಲು ಬಾಚಿ, ಎರಡೂ ಕಿವಿ ಕೆಂಪಗೆ ಮಾಡಿಕೊಂಡು. ಕೊನೆಯ ಹೆಜ್ಜೆಗೆ ಮುಂಚೆ ಬುನ್‌ಹಿ ನಿಂತಳು.

"ಏನು ನೋಡ್ತಿದೀಯ?" ಎಂದಳು. ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಇಷ್ಟು ದಿನ ಹೊಗೆ ನೋಡ್ಕೊಂಡು ದಾರಿ ತಪ್ತಿದ್ದೆ," ಎಂದ ಅವನು. "ಇನ್ನು ನಿನ್ನನ್ನೇ ನೋಡ್ಕೊಂಡು ಬರ್ತೀನಿ."

ಅವಳು ಸೆರಗಿನಂತೆ ಸುತ್ತಿದ್ದ ಶಾಲಿನ ಒಳಗಿಂದ ಒಂದು ಪುಟ್ಟ ಗಂಟು ತೆಗೆದು ಅವನ ಕೈಗಿಟ್ಟಳು. ಬಿಚ್ಚಿ ನೋಡಿದರೆ ಉಪ್ಪು.

"ತಗೋ," ಎಂದಳು ಬುನ್‌ಹಿ, ಬಿಸಿಲೂರಿನ ಮಣ್ಣಿಗೆ ಕಾಲಿಡುತ್ತ. "ಇನ್ಮೇಲೆ ಕೇಳೋಕೆ ಬರ್ಬೇಡ. ನಾನೇ ಬಂದಿದೀನಿ."